ಅಜೇಯ 45

2008ರ ಜನವರಿ 6 ಒಂದು ಭಾನುವಾರ. ಭಾರತ-ಆಸ್ಟ್ರೇಲಿಯಾ ನಡುವಿನ ಸಿಡ್ನಿ ಟೆಸ್ಟ್‌ನ ಆಟ ನಮ್ಮಲ್ಲಿ ಕೋಳಿ ಕೂಗುವ ಹೊತ್ತಿಗೇ ಶುರುವಾಗುತ್ತಿದ್ದುದರಿಂದ ಐದೂ ದಿನ ಅಲಾರಂ ಇಟ್ಟು ಎದ್ದಿದ್ದೆ; ಆದರೆ ಕೊನೆಯ ದಿನ ಮಾತ್ರ ಮನೆಯವರೆಲ್ಲ ಟಿ.ವಿ. ಮುಂದೆ ಸೇರಿದ್ದರು. ಅವರೆಕಾಯಿಯ ಕಾಲ. ಹಿಂದಿನ ರಾತ್ರಿ ನೆನೆಹಾಕಿದ್ದ ಕಾಳನ್ನು ಅಮ್ಮ ಮತ್ತು ಚಿಕ್ಕಮ್ಮ ಅಲ್ಲೇ ನೆಲದ ಮೇಲೆ ಕೂತು ಹಿತುಕುತ್ತಿದ್ದರು. ಹೆಬ್ಬೆರಳು ಒತ್ತಿದೊಡನೆ ಬೇಳೆ ಜಾರಿ ಸ್ಟೀಲಿನ ಪಾತ್ರೆಗೆ ಬೀಳುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಭದ್ರಾವತಿಯಿಂದ ಬಂದಿದ್ದ ದೊಡ್ಡಪ್ಪ ಕುರ್ಚಿಯಲ್ಲಿ ಕೂತು ಒಂದೊಂದು ಓವರ್ ಮುಗಿದಾಗಲೂ ಉಳಿದ ಓವರ್‌ಗಳನ್ನು ಬೆರಳಲ್ಲಿ ಎಣಿಸುತ್ತಿದ್ದರು.

333 ರನ್‌ಗಳ ಗುರಿಯನ್ನು ಮುಟ್ಟುವ ಮಾತು ಆಗಲೇ ಮುಗಿದಿತ್ತು. ಸಂಜೆಯವರೆಗೆ ನಿಂತು ಪಂದ್ಯ ಡ್ರಾ ಮಾಡಿಕೊಂಡರೆ ಅದೇ ಗೆಲುವಿನಷ್ಟು ಎಂದು ಕಾಯುತ್ತಿದ್ದೆವು. ನಾಯಕ ಅನಿಲ್ ಕುಂಬ್ಳೆ ಕ್ರೀಸ್‌ನಲ್ಲಿದ್ದರು. ಬ್ಯಾಟಿಂಗ್ ಅವರ ಕಸುಬಲ್ಲ. ಆದರೂ ಮೈಮೇಲೆ ಬಂದ ಚೆಂಡನ್ನು ತಡೆದು, ಹೊರಗಿನದನ್ನು ಬಿಟ್ಟು, ನೂರಕ್ಕೂ ಹೆಚ್ಚು ಎಸೆತಗಳನ್ನು ಆಡಿ ನಿಂತಿದ್ದರು. ದಿನದಾಟಕ್ಕೆ ಎರಡೇ ಓವರ್ ಉಳಿದಿದ್ದಾಗ ಮೈಕಲ್ ಕ್ಲಾರ್ಕ್ ಚೆಂಡು ತೆಗೆದುಕೊಂಡರು. ಮೊದಲ ಎಸೆತಕ್ಕೆ ಹರಭಜನ್, ಎರಡನೆಯದಕ್ಕೆ ಆರ್.ಪಿ. ಸಿಂಗ್, ಐದನೆಯದಕ್ಕೆ ಇಶಾಂತ್ ಶರ್ಮ. ಐದು ಎಸೆತಗಳಲ್ಲಿ ಪಂದ್ಯ ಮುಗಿಯಿತು. ಆ ಐದೂ ಎಸೆತಗಳನ್ನು ಕುಂಬ್ಳೆ ಎದುರು ತುದಿಯಲ್ಲಿ ನಿಂತು ನೋಡಿದರು. ಒಂದನ್ನೂ ಎದುರಿಸುವ ಅವಕಾಶ ಅವರಿಗೆ ಸಿಗಲಿಲ್ಲ. ಚಿಕ್ಕಮ್ಮನ ಬೆರಳ ನಡುವಿನ ಕಾಳು ಹಾಗೆಯೇ ಉಳಿದಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಸೋಲಿಗಿಂತ ಹೆಚ್ಚಾಗಿ ಸೋತ ಬಗೆ ನಮ್ಮನ್ನು ಕೆರಳಿಸಿತ್ತು. ಮೊದಲ ಇನಿಂಗ್ಸ್‌ನಲ್ಲಿ 134 ರನ್‌ಗೆ ಆರು ವಿಕೆಟ್ ಕಳೆದುಕೊಂಡಿದ್ದ ಆಸ್ಟ್ರೇಲಿಯಾವನ್ನು ಆ್ಯಂಡ್ರ್ಯೂ ಸೈಮಂಡ್ಸ್ ಮೇಲೆತ್ತಿದರು. ಅವರು 30 ರನ್ ಮಾಡಿದ್ದಾಗ ಇಶಾಂತ್ ಎಸೆತ ಬ್ಯಾಟಿಗೆ ತಗುಲಿ ಧೋನಿ ಕೈಸೇರಿದ್ದರೂ ಅಂಪೈರ್ ಸ್ಟೀವ್ ಬಕ್ನರ್ ಔಟ್ ಕೊಡಲಿಲ್ಲ. ಸೈಮಂಡ್ಸ್ 162 ರನ್ ಹೊಡೆದು ಔಟಾಗದೆ ಉಳಿದರು. ಬ್ಯಾಟಿಗೆ ತಾಗಿದ್ದು ನಿಜವೆಂದು ದಿನದಾಟದ ನಂತರ ಅವರೇ ಒಪ್ಪಿಕೊಂಡರು. ಕೊನೆಯ ದಿನ ರಾಹುಲ್ ದ್ರಾವಿಡ್ ಬ್ಯಾಟಿಗೆ ಸೋಕದ ಚೆಂಡಿಗೆ ಕ್ಯಾಚ್ ಔಟ್ ಆದರು. ಗಂಗೂಲಿ ಕೊಟ್ಟ ಕ್ಯಾಚ್ ನೆಲ ಮುಟ್ಟಿತೋ ಇಲ್ಲವೋ ಎಂಬ ಅನುಮಾನವನ್ನು ಅಂಪೈರ್ ಎದುರಾಳಿ ನಾಯಕ ರಿಕಿ ಪಾಂಟಿಂಗ್ ಅವರ ಮಾತಿನ ಮೇಲೆ ಬಗೆಹರಿಸಿದರು. ಇದರ ಜೊತೆಗೆ, ಹರಭಜನ್ ತಮ್ಮನ್ನು ಕೋತಿ ಎಂದು ನಿಂದಿಸಿದರೆಂಬ ಸೈಮಂಡ್ಸ್ ಅವರ ದೂರಿನ ಮೇಲೆ ಮ್ಯಾಚ್ ರೆಫರಿ ಮೈಕ್ ಪ್ರಾಕ್ಟರ್ ಹರಭಜನ್‌ಗೆ ಮೂರು ಟೆಸ್ಟ್‌ಗಳ ನಿಷೇಧ ವಿಧಿಸಿದರು.

ಪಂದ್ಯದ ನಂತರ ಪತ್ರಕರ್ತರ ಮುಂದೆ ಬಂದ ಕುಂಬ್ಳೆ, ಆಟದ ಮನೋಭಾವದಿಂದ ಆಡಿದ್ದು ಒಂದೇ ತಂಡ, ಇಷ್ಟು ಮಾತ್ರ ಹೇಳಬಲ್ಲೆ ಎಂದರು. 1933ರ ಅಡಿಲೇಡ್‌ನಲ್ಲಿ, ಇಂಗ್ಲೆಂಡ್ ಬೌಲರ್‌ಗಳು ಬ್ಯಾಟ್ಸ್‌ಮನ್ನರ ಮೈಗೇ ಗುರಿಯಿಟ್ಟು ಎಸೆದ ಬಾಡಿಲೈನ್ ಸರಣಿಯ ಕಾಲದಲ್ಲಿ, ಆಸ್ಟ್ರೇಲಿಯಾದ ನಾಯಕ ಬಿಲ್ ವುಡ್‌ಫುಲ್ ಇಂಗ್ಲೆಂಡ್ ತಂಡದ ಮ್ಯಾನೇಜರ್‌ಗೆ ಹೇಳಿದ್ದ ಮಾತಿನ ನೆರಳು ಅದರಲ್ಲಿತ್ತು. ಅಲ್ಲಿ ಎರಡು ತಂಡಗಳಿವೆ, ಒಂದು ಮಾತ್ರ ಕ್ರಿಕೆಟ್ ಆಡುತ್ತಿದೆ ಎಂದು ವುಡ್‌ಫುಲ್ ಹೇಳಿದ್ದರು. ಆಸ್ಟ್ರೇಲಿಯನ್ನರ ಮನೆಯ ಮಾತನ್ನೇ ಆಸ್ಟ್ರೇಲಿಯನ್ನರಿಗೆ, ದನಿ ಏರಿಸದೆ, ಹಿಂದಿರುಗಿಸಿದ ಆ ಬಗೆ ನನಗೆ ಅಂದು ಅದ್ಭುತವೆನಿಸಿತು. ಇಂದಿಗೂ ಹಾಗೆಯೇ ಅನಿಸುತ್ತದೆ.

ಆ ಮಧ್ಯಾಹ್ನದಿಂದ ಮುಂದಿನ ಒಂದು ವಾರ ನಾನು ಟಿ.ವಿ.ಯ ಮುಂದಿನಿಂದ ಏಳಲಿಲ್ಲವೆಂದರೂ ತಪ್ಪಿಲ್ಲ. ನಾನು ನೋಡುತ್ತಿದ್ದ ಸುದ್ದಿವಾಹಿನಿಯಲ್ಲಿ ಕುಂಬ್ಳೆ ಅವರ ಆ ಒಂದು ವಾಕ್ಯ ಪರದೆಯ ಕೆಳಗೆ ಕೆಂಪು ಪಟ್ಟಿಯಾಗಿ ಹಗಲೂ ರಾತ್ರಿ ಓಡುತ್ತಿತ್ತು. ತಂಡ ಪ್ರವಾಸ ಬಿಟ್ಟು ವಾಪಸ್ ಬರಬೇಕೇ ಎಂದು ಎಸ್‌ಎಂಎಸ್ ಮತ ಕೇಳಿದರು. ನಾನು ಬರಬೇಕೆಂದು ಮತ ಹಾಕಿದೆ. ಒಮ್ಮೆಯಲ್ಲ, ಮೂರು ಬಾರಿ. ಸ್ನೇಹಿತರಿಗೂ ಹಾಕಿ ಎಂದು ಸಂದೇಶ ಕಳಿಸಿದೆ. ದೊಡ್ಡಪ್ಪ ಊರಿಗೆ ಹೊರಡುವ ದಿನ, ನಾನು ಪಾಂಟಿಂಗ್‌ನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಾಗ, ಚೀಲಕ್ಕೆ ಬಟ್ಟೆ ಮಡಿಸಿಡುತ್ತಲೇ ಕೇಳಿದರು: “ಅದಿರಲಿ ಕಣೋ, ಅನಿಲ ಆವತ್ತು ಎಷ್ಟು ಹೊಡೆದ?”

ನನಗೆ ಗೊತ್ತಿರಲಿಲ್ಲ. ನಲವತ್ತರ ಆಸುಪಾಸು ಎಂದೆ. “ನಲವತ್ತೈದು, ನಾಟೌಟು,” ಎಂದರು ದೊಡ್ಡಪ್ಪ. “ನೀನು ವಾರಪೂರ್ತಿ ಟಿ.ವಿ. ನೋಡಿದೆ. ನಾನು ಪೇಪರ್‌ನಲ್ಲಿ ಸ್ಕೋರ್‌ಬೋರ್ಡ್ ಒಂದೇ ಓದಿದ್ದು.”

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಒಬ್ಬ ಆಟಗಾರನ ನಡತೆಯ ಬಗ್ಗೆ ಗಂಟೆಗಟ್ಟಲೆ ಮಾತು ಕೇಳಿದ ನಾನು ಅದೇ ಆಟಗಾರ ಅದೇ ದಿನ ಮೈದಾನದಲ್ಲಿ ಏನು ಮಾಡಿದನೆಂಬುದನ್ನು ತಿಳಿಯದೆ ಉಳಿದೆನಲ್ಲ, ಅದು ಹೇಗೆ ಸಾಧ್ಯವಾಯಿತು? ಕುಂಬ್ಳೆ ಅವರ ಮಾತಿಗೆ ತೂಕ ಬಂದದ್ದೇ ಆ 45 ರನ್‌ಗಳಿಂದ, 111 ಎಸೆತಗಳಿಂದ. ತನ್ನ ಕಡೆಯ ಕೆಲಸವನ್ನು ಕೊನೆಯವರೆಗೂ ಮಾಡಿ, ಸೋತು ಬಂದು, ನಂತರ ಮಾತಾಡಿದ ಮನುಷ್ಯ ಆತ. ಸುದ್ದಿವಾಹಿನಿ ಮಾತನ್ನು ಇಟ್ಟುಕೊಂಡು ಕೆಲಸವನ್ನು ಕೈಬಿಟ್ಟಿತು. ಅದಕ್ಕೆ ಬೇಕಿದ್ದುದು ಜಗಳ ಮುಂದುವರಿಯುವುದು. 45 ರನ್‌ಗಳಲ್ಲಿ ಜಗಳವಿಲ್ಲ.

ಅದೇ ವಾರ ಸಿಡ್ನಿಯಲ್ಲಿ ಬೇರೊಂದು ಬಗೆಯ ಬರವಣಿಗೆಯೂ ನಡೆದಿತ್ತು. ಆ ಊರಿನದೇ ಪ್ರಮುಖ ಪತ್ರಿಕೆಯಾದ ಸಿಡ್ನಿ ಮಾರ್ನಿಂಗ್ ಹೆರಾಲ್ಡ್‌ನಲ್ಲಿ ಅಂಕಣಕಾರ ಪೀಟರ್ ರೋಬಕ್, ಪಾಂಟಿಂಗ್ ಅವರನ್ನು ನಾಯಕತ್ವದಿಂದ ಕೆಳಗಿಳಿಸಬೇಕೆಂದು ಬರೆದರು. ಗೆದ್ದ ತಂಡದ ನಾಯಕನ ಬಗ್ಗೆ, ಸತತ 16ನೇ ಟೆಸ್ಟ್ ಗೆಲುವಿನ ಸಂಭ್ರಮದ ನಡುವೆ, ಆ ತಂಡದ ಅಭಿಮಾನಿಗಳೇ ಓದುವ ಪತ್ರಿಕೆಯಲ್ಲಿ ಹಾಗೆ ಬರೆಯಲು ಎಂಥ ಎದೆ ಬೇಕೆಂದು ಆಗ ನನಗೆ ಹೊಳೆಯಲಿಲ್ಲ. ನಮ್ಮ ಪರ ಒಬ್ಬ ಸಾಕ್ಷಿ ಸಿಕ್ಕ ಎಂದಷ್ಟೇ ಖುಷಿಪಟ್ಟೆ. ಅಂಥದೇ ಲೇಖನವನ್ನು ನಮ್ಮ ತಂಡದ ಬಗ್ಗೆ ನಮ್ಮವರೊಬ್ಬರು ಬರೆದಿದ್ದರೆ ಓದುತ್ತಿದ್ದೆನೇ ಎಂದು ನನ್ನನ್ನು ನಾನು ಕೇಳಿಕೊಂಡದ್ದು ಬಹಳ ತಡವಾಗಿ.

ಬರೆಯಲು ಕಾರಣವಂತೂ ಇತ್ತು. ಸಿಡ್ನಿಗೆ ಮೂರು ತಿಂಗಳು ಮೊದಲು, 2007ರ ಅಕ್ಟೋಬರ್‌ನಲ್ಲಿ, ಆಸ್ಟ್ರೇಲಿಯಾ ತಂಡ ಭಾರತಕ್ಕೆ ಏಕದಿನ ಸರಣಿಗೆ ಬಂದಿದ್ದಾಗ ವಡೋದರದಲ್ಲಿ, ನಂತರ ಮುಂಬೈನ ವಾಂಖೆಡೆಯಲ್ಲಿ ಪ್ರೇಕ್ಷಕರು ಸೈಮಂಡ್ಸ್ ಕಡೆ ಕೋತಿಯಂತೆ ಕೂಗು ಹಾಕಿದ್ದರು. ತಂದೆ ಅಥವಾ ತಾಯಿಯ ಕಡೆಯಿಂದ ಕೆರಿಬಿಯನ್ ಮೂಲದ ರಕ್ತವಿದ್ದ ಆ ಆಟಗಾರನಿಗೆ ಅದು ಹೇಗೆ ಕೇಳಿಸಿರಬೇಕೆಂದು ನಾವ್ಯಾರೂ ಯೋಚಿಸಲಿಲ್ಲ. ನನಗೆ ನೆನಪಿರುವಂತೆ ನಾನು ಆ ಸುದ್ದಿಯನ್ನು ಓದಿ ಪುಟ ಮಗುಚಿದ್ದೆ. ಜನವರಿಯಲ್ಲಿ ಅದೇ ಪದ ಮೈದಾನದೊಳಗೆ ಕೇಳಿಬಂತೆಂಬ ಆರೋಪ ಬಂದಾಗ, ಅಕ್ಟೋಬರ್‌ನ ಆ ಕೂಗನ್ನು ನೆನಪಿಸಿದವರು ನಾನು ನೋಡುತ್ತಿದ್ದ ಚರ್ಚೆಗಳಲ್ಲಿ ಇರಲಿಲ್ಲ. ನಮ್ಮ ದೇಶಕ್ಕೆ ಅವಮಾನವಾಗಿದೆ ಎಂಬ ಒಂದೇ ರಾಗ ಎಲ್ಲ ಕಡೆ. ಹರಭಜನ್ ಅಂದು ನಿಜವಾಗಿ ಏನು ಹೇಳಿದರೆಂದು ತೀರ್ಮಾನಿಸುವವನು ನಾನಲ್ಲ. ಮೇಲ್ಮನವಿ ಕೇಳಿದ ನ್ಯಾಯಮೂರ್ತಿ ಜಾನ್ ಹ್ಯಾನ್ಸನ್, ಜನಾಂಗೀಯ ನಿಂದನೆಯ ಆರೋಪ ರುಜುವಾತಾಗಿಲ್ಲವೆಂದು ನಿಷೇಧ ತೆಗೆದು, ಅಸಭ್ಯ ಭಾಷೆಗಾಗಿ ಪಂದ್ಯದ ಸಂಭಾವನೆಯ ಅರ್ಧದಷ್ಟು ದಂಡ ವಿಧಿಸಿದರು. ಅದು ದಾಖಲೆಯಲ್ಲಿದೆ, ಅದನ್ನು ನಾನು ಒಪ್ಪುತ್ತೇನೆ. ಆದರೆ ಸೈಮಂಡ್ಸ್ ಒಬ್ಬ ಮನುಷ್ಯನಾಗಿ ನಮ್ಮ ನೆಲದಲ್ಲಿ ಅನುಭವಿಸಿದ್ದನ್ನು ಮರೆತು ನಾವು ನೊಂದವರ ಜಾಗದಲ್ಲಿ ಹೋಗಿ ಕೂತೆವು. 2022ರಲ್ಲಿ ಸೈಮಂಡ್ಸ್ ಕಾರು ಅಪಘಾತದಲ್ಲಿ ತೀರಿಕೊಂಡ ಸುದ್ದಿ ಬಂದ ದಿನ ನನಗೆ ಮೊದಲು ನೆನಪಾದದ್ದು ಅವರ ಯಾವ ಸಿಕ್ಸರ್ ಕೂಡ ಅಲ್ಲ, ನಾನು ಮಗುಚಿದ ಆ ಪುಟ.

ಜನವರಿಯಲ್ಲಿ ಸುದ್ದಿವಾಹಿನಿಗಳ ಪಾಲಿಗೆ ವೀರನಾಗಿದ್ದ ಹರಭಜನ್ ಏಪ್ರಿಲ್ ಹೊತ್ತಿಗೆ ಖಳನಾದರು. ಮೊಹಾಲಿಯಲ್ಲಿ ಐಪಿಎಲ್ ಪಂದ್ಯವೊಂದು ಮುಗಿದ ಮೇಲೆ ಅವರು ಶ್ರೀಶಾಂತ್ ಕೆನ್ನೆಗೆ ಹೊಡೆದರು. ಆ ಋತುವಿನ ಉಳಿದ ಪಂದ್ಯಗಳಿಂದ ಹೊರಬಿದ್ದರು. ತಪ್ಪು ತಪ್ಪೇ. ಅವರು ಅದನ್ನು ಹಲವು ಬಾರಿ ಒಪ್ಪಿಕೊಂಡಿದ್ದಾರೆ. ಆದರೆ ಅಳುತ್ತಿದ್ದ ಶ್ರೀಶಾಂತ್ ಮುಖವನ್ನು ಎಷ್ಟು ಸಾರಿ ತೋರಿಸಿದರೆಂದರೆ, ಹೊಡೆತಕ್ಕಿಂತ ಆ ಮರುಪ್ರಸಾರವೇ ದೊಡ್ಡ ಶಿಕ್ಷೆಯಂತಿತ್ತು, ಅದೂ ಹೊಡೆಸಿಕೊಂಡವನಿಗೆ. 17 ವರ್ಷಗಳ ನಂತರ, 2025ರಲ್ಲಿ, ಅದುವರೆಗೆ ಯಾರೂ ಕಾಣದಿದ್ದ ಹೊಡೆತದ ದೃಶ್ಯವೂ ಹೊರಬಂತು. ಇಬ್ಬರೂ ಆಟ ಬಿಟ್ಟಾಗಿದೆ, ರಾಜಿಯಾಗಿದ್ದಾರೆ, ಮಕ್ಕಳಿದ್ದಾರೆ. ನಾನು ಆ ದೃಶ್ಯವನ್ನು ನೋಡಲಿಲ್ಲ. ನೋಡಿ ತಿಳಿಯುವುದು ಅದರಲ್ಲಿ ಏನೂ ಉಳಿದಿರಲಿಲ್ಲ.

ಸಿಡ್ನಿಯ ನಂತರದ ಹತ್ತು ದಿನಗಳಲ್ಲಿ ಕುಂಬ್ಳೆ ಮಾಡಿದ ಕೆಲಸವನ್ನು ನಾನು ಬಿಡಿಬಿಡಿಯಾಗಿ, ಪತ್ರಿಕೆಗಳ ಮೂಲೆಗಳಿಂದ ಹೆಕ್ಕಿಕೊಳ್ಳಬೇಕಾಯಿತು. ಆಸ್ಟ್ರೇಲಿಯಾದ ಬ್ರಾಡ್ ಹಾಗ್ ಅವರ ಮೇಲೂ ಅಸಭ್ಯ ಮಾತಿನ ದೂರಿತ್ತು. ಪರ್ತ್ ಟೆಸ್ಟ್‌ಗೆ ಮೊದಲೇ ಕುಂಬ್ಳೆ ಆ ದೂರನ್ನು ಹಿಂತೆಗೆದುಕೊಂಡರು. ತನ್ನ ಬೌಲರ್ ಇನ್ನೂ ಆರೋಪಿಯ ಸ್ಥಾನದಲ್ಲಿರುವಾಗ, ಇಡೀ ದೇಶ ಸೇಡಿನ ಮಾತಾಡುವಾಗ, ಕೈಯಲ್ಲಿದ್ದ ಒಂದು ಅಸ್ತ್ರವನ್ನು ಕೆಳಗಿಡುವುದು ಸುಲಭದ ಮಾತಲ್ಲ. ಪರ್ತ್‌ನಲ್ಲಿ ಭಾರತ 72 ರನ್‌ಗಳಿಂದ ಗೆದ್ದು ಆಸ್ಟ್ರೇಲಿಯಾದ ಗೆಲುವಿನ ಸರಣಿ ಮುರಿಯಿತು. ಅದೇ ಪಂದ್ಯದಲ್ಲಿ ಕುಂಬ್ಳೆ ಟೆಸ್ಟ್‌ನಲ್ಲಿ 600 ವಿಕೆಟ್ ಪೂರೈಸಿದ ಮೊದಲ ಭಾರತೀಯರಾದರು. 600ನೆಯವರು ಸೈಮಂಡ್ಸ್, ಸ್ಲಿಪ್‌ನಲ್ಲಿ ಕ್ಯಾಚ್ ಹಿಡಿದವರು ದ್ರಾವಿಡ್. ಬೆಂಗಳೂರಿನ ಇಬ್ಬರ ಕೈಯಲ್ಲಿ ಆ ವಿಕೆಟ್ ಬಿದ್ದದ್ದಕ್ಕೆ ನಮ್ಮ ಮನೆಯಲ್ಲಿ ಆದ ಸಂತೋಷ ಅಷ್ಟಿಷ್ಟಲ್ಲ. ದೊಡ್ಡಪ್ಪ ಭದ್ರಾವತಿಯಿಂದ ಫೋನ್ ಮಾಡಿ, ಈ ಸಾರಿಯಾದರೂ ಸ್ಕೋರ್‌ಬೋರ್ಡ್ ನೋಡು ಎಂದರು.

ದೊಡ್ಡಪ್ಪನಿಗೆ ಕ್ರಿಕೆಟ್ ಎಂದರೆ ಜಿ.ಆರ್. ವಿಶ್ವನಾಥ್. ಅದಕ್ಕೆ ಕಾರಣ ಸರಳ: ಇಬ್ಬರದೂ ಭದ್ರಾವತಿ. ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಕಾಲದಲ್ಲಿ ಆಕಾಶವಾಣಿಯ ವೀಕ್ಷಕ ವಿವರಣೆ ಕೇಳಲೆಂದೇ ಅವರು ಪಾಳಿ ಬದಲಿಸಿಕೊಳ್ಳುತ್ತಿದ್ದರಂತೆ. ವಿಶ್ವನಾಥ್ ಭಾರತದ ನಾಯಕರಾಗಿದ್ದು ಎರಡೇ ಟೆಸ್ಟ್‌ಗಳಿಗೆ. ಎರಡನೆಯದು 1980ರ ಫೆಬ್ರುವರಿಯಲ್ಲಿ ಮುಂಬೈನಲ್ಲಿ ಇಂಗ್ಲೆಂಡ್ ವಿರುದ್ಧ ನಡೆದ ಸುವರ್ಣ ಮಹೋತ್ಸವದ ಪಂದ್ಯ. ಸೂರ್ಯಗ್ರಹಣಕ್ಕೆಂದು ನಡುವೆ ಒಂದು ದಿನ ಬಿಡುವು ಕೊಟ್ಟ ಪಂದ್ಯ. ಭಾರತದ 242ಕ್ಕೆ ಉತ್ತರವಾಗಿ ಇಂಗ್ಲೆಂಡ್ 58 ರನ್‌ಗೆ ಐದು ವಿಕೆಟ್ ಕಳೆದುಕೊಂಡಿತ್ತು. ಆಗ ಇಯಾನ್ ಬಾಥಮ್ ಜೊತೆಗೂಡಿದ ವಿಕೆಟ್ ಕೀಪರ್ ಬಾಬ್ ಟೇಲರ್ ಅವರನ್ನು ಕಪಿಲ್ ದೇವ್ ಎಸೆತದಲ್ಲಿ ಕ್ಯಾಚ್ ಔಟ್ ಎಂದು ಅಂಪೈರ್ ತೀರ್ಪು ಕೊಟ್ಟರು. ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ಮನಗಂಡ ವಿಶ್ವನಾಥ್ ಅಂಪೈರ್ ಜೊತೆ ಮಾತಾಡಿ ಟೇಲರ್ ಅವರನ್ನು ಮರಳಿ ಕರೆದರು. ಟೇಲರ್ 43 ರನ್ ಮಾಡಿದರು, ಬಾಥಮ್ 114. ಇಬ್ಬರ ಜೊತೆಯಾಟ 171 ರನ್‌ಗಳಿಗೆ ಬೆಳೆಯಿತು. ಬಾಥಮ್ 13 ವಿಕೆಟ್‌ಗಳನ್ನೂ ಕಿತ್ತರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ಮತ್ತೆಂದೂ ನಾಯಕರಾಗಲಿಲ್ಲ.

ಈ ಕಥೆಯನ್ನು ನಾವು ಈಗ ಹೆಮ್ಮೆಯಿಂದ ಹೇಳುತ್ತೇವೆ, ಶಾಲೆಯ ಭಾಷಣಗಳಲ್ಲಿ ಉದಾಹರಿಸುತ್ತೇವೆ. ದೊಡ್ಡಪ್ಪ ಹೇಳುವಾಗ ಮಾತ್ರ ಅದರಲ್ಲಿ ಇನ್ನೊಂದು ಎಳೆ ಇರುತ್ತಿತ್ತು. “ಆವತ್ತು ನಾನೂ ಬೈದಿದ್ದೆ ಕಣೋ, ರೇಡಿಯೊ ಮುಂದೆ ಕೂತು. ಮೇಷ್ಟ್ರ ಹಾಗೆ ಒಳ್ಳೆಯತನ ಮಾಡೋಕೆ ಹೋಗಿ ಪಂದ್ಯ ಕಳೆದ ಅಂತ. ನಮ್ಮೂರ ಹುಡುಗ ಅನ್ನೋದೂ ನೆನಪಿರಲಿಲ್ಲ,” ಎನ್ನುತ್ತಿದ್ದರು. ಸರಿಯಾಗಿ ನಡೆದುಕೊಂಡ ಆಟಗಾರನಿಗೆ ಅಭಿಮಾನಿಯ ಮೆಚ್ಚುಗೆ ಆ ದಿನವೇ ಸಿಕ್ಕುತ್ತದೆಂಬ ಭರವಸೆ ಇಲ್ಲ. ಸೋತ ದಿನವಂತೂ ಇಲ್ಲವೇ ಇಲ್ಲ. ದೊಡ್ಡಪ್ಪನಿಗೆ ತಮ್ಮ ಬೈಗುಳ ಹಿಂತೆಗೆದುಕೊಳ್ಳಲು ಎಷ್ಟೋ ವರ್ಷ ಹಿಡಿಯಿತು.

ಇಲ್ಲಿ ಒಂದು ಮಾತನ್ನು ಕನ್ನಡಿಗನಾಗಿ ನಾನು ಹೇಳಲೇಬೇಕು. ವಿಶ್ವನಾಥ್, ಕುಂಬ್ಳೆ, ಶ್ರೀನಾಥ್, ದ್ರಾವಿಡ್ ಎಂದು ಹೆಸರುಗಳನ್ನು ಸಾಲಾಗಿ ಪೋಣಿಸಿ ಸಜ್ಜನಿಕೆ ನಮ್ಮ ನೀರಿನಲ್ಲೇ ಇದೆ ಎಂಬಂತೆ ಮಾತಾಡುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. 2004ರ ಜನವರಿಯಲ್ಲಿ, ಬ್ರಿಸ್ಬೇನ್‌ನಲ್ಲಿ ಜಿಂಬಾಬ್ವೆ ವಿರುದ್ಧದ ಏಕದಿನ ಪಂದ್ಯದಲ್ಲಿ, ಬಾಯಲ್ಲಿದ್ದ ಕೆಮ್ಮಿನ ಮಾತ್ರೆಯ ಅಂಶವನ್ನು ಚೆಂಡಿಗೆ ಸವರಿದ್ದಕ್ಕಾಗಿ ದ್ರಾವಿಡ್ ಅವರಿಗೆ ರೆಫರಿ ಕ್ಲೈವ್ ಲಾಯ್ಡ್ ಅರ್ಧ ಸಂಭಾವನೆಯ ದಂಡ ಹಾಕಿದ್ದರು. ಬೇಕೆಂದು ಮಾಡಿದ್ದಲ್ಲವೆಂದು ತಂಡ ಹೇಳಿತು; ನಾನೂ ಹಾಗೆಯೇ ನಂಬಿದ್ದೇನೆ. ಆದರೆ ಬೇರೆ ದೇಶದ ಆಟಗಾರನೊಬ್ಬ ಅದನ್ನೇ ಮಾಡಿ ಅದೇ ಸಮಜಾಯಿಷಿ ಕೊಟ್ಟಿದ್ದರೆ ನಾನು ನಂಬುತ್ತಿರಲಿಲ್ಲ. ದ್ರಾವಿಡ್ ಮೇಲಿನ ನನ್ನ ಗೌರವ ಆ ದಂಡದಿಂದ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ. ಅವರನ್ನು ತಪ್ಪೇ ಮಾಡದ ದೇವರನ್ನಾಗಿ ಕೂರಿಸುವವರ ಮೇಲೆ ಮಾತ್ರ ನನಗೆ ಬೇಸರ, ಏಕೆಂದರೆ ದೇವರನ್ನು ಮಾಡುವ ಕೈಗಳೇ ಮುಂದೊಂದು ದಿನ ಕಲ್ಲು ಹುಡುಕುತ್ತವೆ.

ಕಳೆದ ವರ್ಷಗಳಲ್ಲಿ ಕ್ರೀಡಾ ಸುದ್ದಿ ಬದಲಾದ ರೀತಿಯನ್ನು ಯಾರೂ ವಿವರಿಸಬೇಕಿಲ್ಲ. ಸ್ಟಂಪ್ ಮೈಕ್‌ನಲ್ಲಿ ಸಿಕ್ಕ ಒಂದು ಬೈಗುಳ, ವಿಕೆಟ್ ಬಿದ್ದಾಗಿನ ಒಂದು ದುರುಗುಟ್ಟಿದ ನೋಟ, ಇಷ್ಟಿದ್ದರೆ ಇಡೀ ದಿನಕ್ಕೆ ಸಾಕು. ಹಾಗಿದ್ದೂ ನನ್ನ ಅಸಮಾಧಾನ ಬರೀ ಹಳೆಯ ಕಾಲದ ಹಂಬಲವಲ್ಲ ಎಂದು ನನಗೆ ಖಚಿತವಾದದ್ದು 2025ರ ಜೂನ್ 4ರಂದು.

ಹಿಂದಿನ ರಾತ್ರಿ ಅಹಮದಾಬಾದ್‌ನಲ್ಲಿ ಆರ್‌ಸಿಬಿ ಪಂಜಾಬ್ ಕಿಂಗ್ಸ್ ತಂಡವನ್ನು ಆರು ರನ್‌ಗಳಿಂದ ಮಣಿಸಿ, 18 ವರ್ಷಗಳಲ್ಲಿ ಮೊದಲ ಬಾರಿ ಕಪ್ ಗೆದ್ದಿತ್ತು. ಪಂದ್ಯ ಮುಗಿಯುವ ಮೊದಲೇ ವಿರಾಟ್ ಕೊಹ್ಲಿ ಕಣ್ಣೀರಾದದ್ದನ್ನು ಕಂಡು ನಮ್ಮ ಮನೆಯಲ್ಲೂ ಎಲ್ಲರ ಕಣ್ಣು ಒದ್ದೆಯಾಗಿತ್ತು. ಮರುದಿನ ಬೆಳಗಿನಿಂದ ಟಿ.ವಿ.ಯಲ್ಲಿ ಒಂದೇ ಸುದ್ದಿ: ತಂಡ ಬರುತ್ತಿದೆ, ವಿಧಾನಸೌಧಕ್ಕೆ ಬರುತ್ತಿದೆ, ಚಿನ್ನಸ್ವಾಮಿಗೆ ಬರುತ್ತಿದೆ. ಮೆರವಣಿಗೆ ಇದೆ, ಇಲ್ಲ, ಇದೆ. ನನ್ನ ತಂಗಿಯ ಮಗ, ಹತ್ತೊಂಬತ್ತರ ಹುಡುಗ, ಮಧ್ಯಾಹ್ನ ಊಟ ಬಿಟ್ಟು ಹೊರಟ. ಸಂಜೆ ನಾನು ನೋಡುತ್ತಿದ್ದ ವಾಹಿನಿಯ ಪರದೆ ಎರಡು ಭಾಗವಾಯಿತು. ಒಂದು ಕಡೆ ಕ್ರೀಡಾಂಗಣದ ಒಳಗಿನ ಕೇಕೆ, ಇನ್ನೊಂದು ಕಡೆ ಗೇಟಿನ ಹೊರಗೆ ಆಂಬುಲೆನ್ಸ್. ಹುಡುಗನ ಫೋನ್ ಎರಡು ಗಂಟೆ ಕಾಲ ಸಿಗಲಿಲ್ಲ. ರಾತ್ರಿ ಒಂಬತ್ತರ ಸುಮಾರಿಗೆ ಬಾಗಿಲಲ್ಲಿ ನಿಂತಾಗ ಅವನ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು. ಇನ್ನೊಂದು ಕಾಲಿನ ಹೆಬ್ಬೆರಳ ಉಗುರು ಕಿತ್ತು ರಕ್ತ ಒಣಗಿತ್ತು. ತಂಗಿ ಅವನನ್ನು ಬೈಯಲಿಲ್ಲ. ಪಾದ ತೊಳೆಯುತ್ತ ಅಲ್ಲೇ ಕೂತುಬಿಟ್ಟಳು. ಆ ಕಾಲ್ತುಳಿತದಲ್ಲಿ ಸಿಕ್ಕ ಹನ್ನೊಂದು ಜನ ಮನೆಗೆ ಬರಲಿಲ್ಲ. ಒಬ್ಬರೂ ನಲವತ್ತು ದಾಟಿದವರಲ್ಲ.

ಒಳಗಿದ್ದ ಆಟಗಾರರಿಗೆ ಯಾವ ಗಳಿಗೆಯಲ್ಲಿ ಏನು ತಿಳಿದಿತ್ತೆಂಬುದರ ಬಗ್ಗೆ ತೀರ್ಪು ಕೊಡುವ ಅವಸರ ನನಗಿಲ್ಲ. ಆದರೆ ಬೆಳಗಿನಿಂದ ಬನ್ನಿ ಬನ್ನಿ ಎಂಬ ದನಿಯಲ್ಲಿ ಮಾತಾಡಿದವರು ರಾತ್ರಿಯ ಹೊತ್ತಿಗೆ ಅಭಿಮಾನಿಗಳ ಹುಚ್ಚು ಎಂದು ಶೀರ್ಷಿಕೆ ಹಾಕಿದ್ದನ್ನು ನಾನು ಕ್ಷಮಿಸಲಾರೆ. ಎಷ್ಟು ಜನ ಸೇರುತ್ತಾರೆ, ಯಾವ ಗೇಟು ತೆರೆದಿದೆ, ಒಳಗೆ ಹೋಗಲು ಪಾಸ್ ಬೇಕೇ ಬೇಡವೇ ಎಂದು ಬೆಳಗ್ಗೆಯೇ ಕೇಳಿ ತಿಳಿಸಬೇಕಾದದ್ದು ಕ್ರೀಡಾ ವರದಿಗಾರನ ಕೆಲಸವಲ್ಲದೆ ಇನ್ನಾರದು? ಆಟಗಾರರ ವಿಮಾನ ಯಾವಾಗ ಇಳಿಯಿತೆಂಬುದು ನನಗೆ ನಿಮಿಷ ನಿಮಿಷಕ್ಕೂ ಗೊತ್ತಿತ್ತು. ಗೇಟುಗಳ ಬಗ್ಗೆ ಏನೂ ಗೊತ್ತಿರಲಿಲ್ಲ. ಮಾರನೆಯ ದಿನಗಳಲ್ಲಿ ಪತ್ರಿಕೆಗಳು ಹನ್ನೊಂದು ಜನರ ಹೆಸರು, ಊರು, ಓದು, ಮನೆಯವರ ಮಾತು ಎಲ್ಲವನ್ನೂ ಬರೆದವು. ಆ ವರದಿಗಳನ್ನು ನಾನು ಒಂದೂ ಬಿಡದೆ ಓದಿದೆ. ಪುಟ ಮಗುಚಲಿಲ್ಲ.

ಆರ್‌ಸಿಬಿಯನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ತಂಗಿಯ ಮಗನಿಗೂ ಅದೇ ಹೇಳಿದ್ದೇನೆ. ಅವನು ಮಾತ್ರ ಇನ್ನೂ ಜನಸಂದಣಿ ಎಂದರೆ ಹಿಂಜರಿಯುತ್ತಾನೆ. ಹಾಗಾಗಿ ರಣಜಿ ಪಂದ್ಯವೊಂದಕ್ಕೆ ಆಲೂರಿನ ಮೈದಾನಕ್ಕೆ ಕರೆದುಕೊಂಡು ಹೋದೆ. ಟಿಕೆಟ್ ಇಲ್ಲ, ನೂಕುನುಗ್ಗಲಿಲ್ಲ. ನೋಡುವವರು ಐವತ್ತು ಜನ ಇದ್ದರೆ ಹೆಚ್ಚು. ಊಟದ ವಿರಾಮಕ್ಕೆ ಸ್ವಲ್ಪ ಮೊದಲು ಒಂದು ಚೆಂಡು ನಾವು ಕೂತಿದ್ದ ಕಡೆಗೆ ಉರುಳಿ ಬಂತು. ಹಿಂದೆಯೇ ಓಡಿ ಬಂದ ಹುಡುಗ ಜಾರಿ ಬಿದ್ದು ಹಗ್ಗದ ಅಂಚಿನಲ್ಲಿ ಅದನ್ನು ಹಿಡಿದು ಒಳಕ್ಕೆ ಎಸೆದ. ಬ್ಯಾಟ್ಸ್‌ಮನ್ನರು ಮೂರು ರನ್ ಓಡಿದ್ದರು. ಅಂಪೈರ್ ಬಹಳ ದೂರದಲ್ಲಿದ್ದರು, ನಮ್ಮ ಕಡೆ ಕ್ಯಾಮೆರಾ ಇದ್ದಂತೆ ಕಾಣಲಿಲ್ಲ. ಹುಡುಗ ಎದ್ದು, ಪ್ಯಾಂಟಿನ ಮಣ್ಣು ಕೊಡವಿ, ಕಾಲು ಹಗ್ಗಕ್ಕೆ ತಾಗಿತ್ತೆಂದು ತಾನೇ ಕೈ ಬೀಸಿ ಬೌಂಡರಿ ಸನ್ನೆ ಮಾಡಿದ. ಅವನ ಬೌಲರ್ ಸೊಂಟಕ್ಕೆ ಕೈಕೊಟ್ಟು ಒಂದು ಕ್ಷಣ ಅವನನ್ನೇ ನೋಡಿ, ತಿರುಗಿ ತನ್ನ ಓಟದ ಗುರುತಿನ ಕಡೆಗೆ ನಡೆದ.

ಮರುದಿನ ಪತ್ರಿಕೆಯಲ್ಲಿ ಆ ಪಂದ್ಯಕ್ಕೆ ಸಿಕ್ಕಿದ್ದು ಐದು ಸಾಲು. ಹುಡುಗನ ಹೆಸರು ಅದರಲ್ಲಿರಲಿಲ್ಲ. ತಂಗಿಯ ಮಗ ಫೋನಿನಲ್ಲಿ ಇಡೀ ಸ್ಕೋರ್‌ಕಾರ್ಡ್ ತೆಗೆದು, ಆ ಹುಡುಗ ಎಷ್ಟನೇ ಕ್ರಮಾಂಕದಲ್ಲಿ ಆಡುತ್ತಾನೆ, ಎಷ್ಟು ಹೊಡೆದಿದ್ದಾನೆ ಎಂದು ಹುಡುಕಿ, ನನ್ನ ಪಕ್ಕ ಕೂತು ಓದಿ ಹೇಳಿದ.